ಹೊಳೆಯ ಲೆಕ್ಕದ ಪುಸ್ತಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ, ನಿಮ್ಮ ಕಾಲದ ಶಾಲೆಯ ನೆನಪಾದರೂ ಸಾಕು ಎಂದು ಸಮಿತಿಯವರು ಮನೆಗೇ ಬಂದು ಕೇಳಿದರು. ಮೇಷ್ಟ್ರ ಬೆತ್ತ, ಉಪ್ಪಿಟ್ಟಿನ ಸಾಲು, ಗಣೇಶನ ಹಬ್ಬದ ನಾಟಕ ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟು ಮಂದಿ ಇದ್ದಾರೆ. ನಾನು ಶಾಲೆಯ ಹಿಂದೆ ಹರಿಯುವ ಹೊಳೆಯ ಬಗ್ಗೆ ಬರೆಯುತ್ತೇನೆ ಎಂದೆ. ಅವರು ಸ್ವಲ್ಪ ಅನುಮಾನದಿಂದಲೇ ಒಪ್ಪಿದರು.

ಹೊಳೆಗೂ ಶಾಲೆಗೂ ಇರುವ ನಂಟನ್ನು ಮೊದಲು ಹೇಳಿಬಿಡುತ್ತೇನೆ. ಭದ್ರಾವತಿಗೂ ಹೊಳೆಹೊನ್ನೂರಿಗೂ ನಡುವಿನ ಈ ಊರಿನಲ್ಲಿ ಪ್ರೌಢಶಾಲೆ ಶುರುವಾದ ಮೊದಲ ವರ್ಷಗಳಲ್ಲಿ ನಮಗೊಬ್ಬ ಭೂಗೋಳದ ಮೇಷ್ಟ್ರಿದ್ದರು. ಮಳೆಗಾಲ ಶುರುವಾದರೆ ಸಾಕು, ದಿನಕ್ಕೊಬ್ಬ ಹುಡುಗನನ್ನು ಬೆಳಿಗ್ಗೆ ಎಂಟು ಗಂಟೆಗೆ ಹೊಳೆಯ ಸೋಪಾನಕ್ಕೆ ಕಳಿಸುತ್ತಿದ್ದರು. ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿವೆ ಎಂದು ಎಣಿಸಿ ಬಂದು ಒಂದು ನೂರು ಪುಟದ ನೋಟ್‌ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಬೇಕು. ನಮಗೆ ಅದು ಮೊದಲ ಪೀರಿಯಡ್‌ಗೆ ತಡವಾಗಿ ಬರಲು ಸಿಕ್ಕ ಪರವಾನಗಿ, ಅಷ್ಟೆ. ಇದರಿಂದ ಏನು ಉಪಯೋಗ ಸಾರ್ ಎಂದು ಯಾರೋ ಕೇಳಿದ್ದಕ್ಕೆ, “ಒಂದು ವರ್ಷ ಬರೆದರೆ ಏನೂ ಇಲ್ಲ, ಮೂವತ್ತು ವರ್ಷ ಬರೆದರೆ ಗೊತ್ತಾಗುತ್ತೆ” ಎಂದಿದ್ದರು. ಅವರಿಗೆ ವರ್ಗವಾಗಿ ಹೋದ ಮೇಲೆ ಪುಸ್ತಕ ಮುಂದುವರಿಯಲಿಲ್ಲ. ಮುಂದೆ ನನ್ನ ಪಾಲಿಗೆ ನೀರಾವರಿ ಕೆಲಸವೇ ಬಂದು, ಮೂವತ್ತು ವರ್ಷ ನಾಲೆ, ತೂಬು, ಗೇಜು ಎಂದು ತಿರುಗಿದ ಮೇಲೆ ಅವರ ಮಾತಿನ ತೂಕ ತಿಳಿಯಿತು.

ನಮ್ಮ ಸೀಮೆಯ ಜನ ಹೊಳೆಯನ್ನು ಅಳೆಯುವುದನ್ನು ಯಾವ ಇಂಜಿನಿಯರೂ ಬಂದು ಕಲಿಸಲಿಲ್ಲ. ಶಿವಮೊಗ್ಗದಲ್ಲಿ ತುಂಗೆಯ ಒಡಲಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಒಂದು ಕಲ್ಲಿನ ಮಂಟಪವಿದೆ. ಇಂದಿಗೂ ಮಳೆ ಜೋರಾದರೆ ಊರಿಗೆ ಊರೇ ಸೇತುವೆಯ ಮೇಲೆ ನಿಂತು ನೋಡುವುದು ಅದನ್ನೇ. ಮಂಟಪ ಮುಳುಗಿತು ಎಂದರೆ ಹೊಳೆ ತುಂಬಿತು ಎಂದು ಅರ್ಥ. ಮರುದಿನದ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಇದನ್ನು ಬರೀ ಸಂಭ್ರಮ ಎಂದು ತಿಳಿಯಬೇಡಿ, ಅದೊಂದು ಮಾಪಕ. ಅದು ಹೇಳುವುದು ಹೌದು ಅಥವಾ ಇಲ್ಲ ಎಂಬ ಎರಡೇ ಮಾತು, ನಿಜ. ಆದರೆ ಯಾರಾದರೂ ಒಬ್ಬರು ನೂರು ವರ್ಷದಿಂದ ಯಾವ ಯಾವ ದಿನ ಮಂಟಪ ಮುಳುಗಿತ್ತು ಎಂದು ಗೋಡೆಯ ಮೇಲೆ ಗೆರೆ ಎಳೆದಿದ್ದರೆ, ತುಂಗೆಯ ವಿಷಯದಲ್ಲಿ ಅದಕ್ಕಿಂತ ಬೆಲೆಬಾಳುವ ದಾಖಲೆ ಬೇರೆ ಇರುತ್ತಿರಲಿಲ್ಲ. ವರ್ಷಕ್ಕೆ ಎಷ್ಟು ದಿನ ಹೊಳೆ ಒಂದು ಮಟ್ಟವನ್ನು ಮೀರುತ್ತದೆ ಎಂಬ ಎಣಿಕೆಯೇ ನದಿಶಾಸ್ತ್ರದ ಅರ್ಧ ಪಾಲು.

ಮಳೆ ನಕ್ಷತ್ರಗಳ ಲೆಕ್ಕವೂ ಇಂಥದ್ದೇ. ಜೂನ್ ಕೊನೆಯ ಆರಿದ್ರೆಯಿಂದ ಆಗಸ್ಟ್ ನಡುವಿನ ಆಶ್ಲೇಷದವರೆಗೆ, ಅಂದರೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ನಾಲ್ಕು ಮಳೆಗಳಲ್ಲಿ ಹೊಳೆ ಬರಬೇಕು, ಬಂದರೆ ವರ್ಷ ಗೆದ್ದ ಹಾಗೆ ಎಂದು ಅಜ್ಜಂದಿರು ಹೇಳುತ್ತಿದ್ದರು. ತಲೆಮಾರುಗಳ ಕಣ್ಣಂದಾಜು ಸೇರಿ ಆದ ಸರಾಸರಿ ಅದು. ಅದರ ಕೊರತೆ ಒಂದೇ: ಬಾಯಿಮಾತಿನ ಲೆಕ್ಕದಲ್ಲಿ ದೊಡ್ಡ ನೆರೆ ಇನ್ನೂ ದೊಡ್ಡದಾಗುತ್ತದೆ, ಸಾಧಾರಣ ವರ್ಷಗಳು ಮರೆತೇ ಹೋಗುತ್ತವೆ.

ಬರೆದಿಟ್ಟ ಲೆಕ್ಕ ಎಲ್ಲಿ ಶುರುವಾಯಿತು ಎಂದು ಹುಡುಕುತ್ತಾ ಹೋದರೆ, ವಿಚಿತ್ರವೆಂದರೆ, ನಮ್ಮ ಹೊಳೆಯ ಹಳೆಯ ಲೆಕ್ಕ ಸಿಗುವುದು ನಮ್ಮ ಜಿಲ್ಲೆಯಲ್ಲಲ್ಲ, ಆಂಧ್ರದ ವಿಜಯವಾಡದಲ್ಲಿ. ತುಂಗೆ ಭದ್ರೆಯರು ಗಂಗಾಮೂಲದಲ್ಲಿ ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಮತ್ತೆ ಸೇರಿ ತುಂಗಭದ್ರೆಯಾಗಿ ಮುಂದೆ ಕೃಷ್ಣೆಗೆ ಸೇರುತ್ತಾರಷ್ಟೆ. ಕೃಷ್ಣೆಗೆ ವಿಜಯವಾಡದಲ್ಲಿ ಬ್ರಿಟಿಷರು 1850ರ ದಶಕದಲ್ಲಿ ಅಣೆಕಟ್ಟು ಕಟ್ಟಿದ್ದರು. ಅಲ್ಲಿ ಹರಿದ ನೀರಿನ ಲೆಕ್ಕ 1894ರಿಂದ ಸಿಗುತ್ತದೆ. ಕೃಷ್ಣಾ ಕಣಿವೆಯ ನೀರಿನ ವ್ಯಾಜ್ಯಗಳೆಲ್ಲ ಆ ದಾಖಲೆಯ ಮೇಲೆ ನಿಂತಿವೆ. ನಮ್ಮೂರ ಸೋಪಾನ ತೊಳೆದುಕೊಂಡು ಹೋದ ನೀರನ್ನು ನೂರಾರು ಮೈಲಿ ದೂರದಲ್ಲಿ ಇನ್ನಾರೋ ಗುಮಾಸ್ತ, ಭೀಮೆ ಘಟಪ್ರಭೆಯರ ನೀರಿನ ಜೊತೆ ಕಲಸಿ ಬರೆದಿಟ್ಟುಕೊಂಡಿದ್ದ.

ಮೈಸೂರು ಸಂಸ್ಥಾನ ತನ್ನದೇ ನೆಲದ ಹೊಳೆಗೆ ಕಟ್ಟೆ ಹಾಕಬೇಕಾದರೂ ಕೆಳಗಿನ ಮದರಾಸು ಪ್ರಾಂತ್ಯದ ಒಪ್ಪಿಗೆ ಬೇಕಿತ್ತು. 1892ರ ಒಪ್ಪಂದ ಹಾಗಿತ್ತು. ತುಂಗಾ, ಭದ್ರಾ ಯೋಜನೆಗಳಿಗೆ ದಾರಿಯಾದದ್ದು 1944ರ ಒಪ್ಪಂದದಿಂದ. ಅದೇ ಕಾಲದಲ್ಲಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಗೂ ಮದರಾಸು ಮತ್ತು ಹೈದರಾಬಾದಿನವರು ಕೈಕುಲುಕಿದರು. ಹೀಗೆ ಮೇಜಿನ ಸುತ್ತ ಕೂತವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಹೊಳೆಯಲ್ಲಿ ನೀರು ಎಷ್ಟಿದೆ? ಉತ್ತರ ಕೊಡುವುದು ಕಷ್ಟ. ಯಾಕೆಂದರೆ ಹೊಳೆಯಲ್ಲಿ “ಇಷ್ಟು” ನೀರು ಎಂಬುದು ಇರುವುದೇ ಇಲ್ಲ.

ಮೂಲದಲ್ಲಿಯೇ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಬಸ್ಸು ಹತ್ತಿ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಮಳೆ ಅದರ ಕಾಲುಭಾಗವೂ ಉಳಿಯುವುದಿಲ್ಲ. ನಮ್ಮೂರಲ್ಲಿ ಬಿಸಿಲು ಕಾಯುತ್ತಿರುವ ದಿನವೇ ಹೊಳೆ ಕೆಂಪಗೆ ಉಕ್ಕಿ ಬರುವುದು ಇದಕ್ಕೇ. ಬರುವ ನೀರೂ ನಾಲ್ಕು ತಿಂಗಳಿನದು. ಭದ್ರಾವತಿ ಇನ್ನೂ ಬೆಂಕಿಪುರವಾಗಿದ್ದಾಗ ಅಲ್ಲಿ ಕಬ್ಬಿಣದ ಕಾರ್ಖಾನೆ ಮಾಡಬೇಕೆಂದು ಮೈಸೂರು ಸರ್ಕಾರ 1918ರಲ್ಲಿ ತೀರ್ಮಾನಿಸಿತು, 1923ರಲ್ಲಿ ಕುಲುಮೆ ಹೊತ್ತಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ವಹಿಸಿಕೊಂಡು ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿಯೂ ಹುಟ್ಟಿತು. ಎರಡೂ ಹೊಳೆಯನ್ನು ನಂಬಿ ಕೂತವು. ಕಾರ್ಖಾನೆಗೆ ಜುಲೈ ತಿಂಗಳ ಪ್ರವಾಹದಿಂದ ಆಗಬೇಕಾದ್ದೇನೂ ಇಲ್ಲ. ಅದಕ್ಕೆ ಬೇಕಾದದ್ದು ಏಪ್ರಿಲ್ ಕೊನೆಯ ವಾರದ ನೀರು. ಬೇಸಿಗೆಯ ಅತಿ ಕಡಿಮೆ ಹರಿವು ಎಷ್ಟು, ಅದು ಎಷ್ಟು ವರ್ಷಕ್ಕೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ ಎಂಬುದೇ ಅದರ ಅಳತೆಗೋಲು. ರೈತನ ಲೆಕ್ಕ ಬೇರೆ, ಕಾರ್ಖಾನೆಯ ಲೆಕ್ಕ ಬೇರೆ, ಸೇತುವೆ ಕಟ್ಟುವವನ ಲೆಕ್ಕ ಮತ್ತೂ ಬೇರೆ. ಹೊಳೆ ಮಾತ್ರ ಒಂದೇ.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಹತ್ತನೇ ತರಗತಿಯ ಮಕ್ಕಳು ಓದಲಿ. ಒಂದು ಗದ್ದೆಯಲ್ಲಿ ಎಂಟು ವರ್ಷ ಬಂದ ಭತ್ತ ಹೀಗಿತ್ತು ಎಂದುಕೊಳ್ಳಿ: 30, 12, 22, 25, 18, 40, 20, 9 ಚೀಲ. ಒಟ್ಟು 176, ಸರಾಸರಿ 22. ಹಾಗಾದರೆ ಈ ಗದ್ದೆಯ ಮೇಲೆ ವರ್ಷಕ್ಕೆ 22 ಚೀಲ ಗೇಣಿ ಕೊಡುತ್ತೇನೆಂದು ಒಪ್ಪಬಹುದೆ? ಒಪ್ಪಿದವನು ಎಂಟರಲ್ಲಿ ನಾಲ್ಕು ವರ್ಷ ಸಾಲ ಮಾಡಬೇಕಾಗುತ್ತದೆ. ಅದೇ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ: 40, 30, 25, 22, 20, 18, 12, 9. ಮೇಲಿನಿಂದ ಆರನೆಯದು 18. ಎಂಟರಲ್ಲಿ ಆರು ವರ್ಷ, ಅಂದರೆ ನೂರಕ್ಕೆ 75 ಪಾಲು, 18 ಚೀಲಕ್ಕೆ ಮೋಸವಿಲ್ಲ. ಇದನ್ನೇ ನೀರಾವರಿಯವರು ಶೇ. 75ರ ಭರವಸೆಯ ಇಳುವರಿ ಎನ್ನುತ್ತಾರೆ. ದೊಡ್ಡ ದೊಡ್ಡ ಅಣೆಕಟ್ಟೆಗಳ ಅಚ್ಚುಕಟ್ಟು ಎಷ್ಟು ಎಕರೆ ಎಂದು ನಿರ್ಧಾರವಾಗುವುದು ಇಷ್ಟು ಸರಳವಾದ ಜೋಡಣೆಯಿಂದ. ಕಷ್ಟವಿರುವುದು ಜೋಡಿಸುವುದರಲ್ಲಿ ಅಲ್ಲ. ಎಂಟು ವರ್ಷ ಸಾಲದು ಎಂಬುದರಲ್ಲಿ.

ನ್ಯಾಯಮೂರ್ತಿ ಬಚಾವತ್ ಅವರ ನೇತೃತ್ವದಲ್ಲಿ 1969ರಲ್ಲಿ ರಚನೆಯಾದ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಮಾಡಿದ್ದೂ ಇದನ್ನೇ. 1894–95ರಿಂದ 1971–72ರವರೆಗೆ 78 ವರ್ಷಗಳ ಹರಿವನ್ನು ಜೋಡಿಸಿ, ಶೇ. 75ರ ಭರವಸೆಯಲ್ಲಿ ಕೃಷ್ಣೆಯ ನೀರು 2060 ಟಿಎಂಸಿ ಎಂದು ಹಿಡಿಯಿತು. 1973ರ ಕೊನೆಗೆ ವರದಿ ಬಂತು. ಅದರಲ್ಲಿ ಕರ್ನಾಟಕಕ್ಕೆ 700 ಟಿಎಂಸಿ, ಮಹಾರಾಷ್ಟ್ರಕ್ಕೆ 560, ಆಂಧ್ರಕ್ಕೆ 800. ಆ 700ರೊಳಗೆ ನಮ್ಮ ತುಂಗಾ, ಭದ್ರಾ ನಾಲೆಗಳ ಪಾಲೂ ಸೇರಿದೆ. ನಮ್ಮೂರಿನ ಗದ್ದೆಯ ಬದುವಿನಲ್ಲಿ ತೂಬಿಗಾಗಿ ನಡೆಯುವ ಜಗಳದ ಮೂಲ ಕಾಗದ ಅದು.

ಮುಂದೆ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ಎರಡನೇ ನ್ಯಾಯಮಂಡಳಿ ಬಂತು. 2010ರಲ್ಲಿ ವರದಿ, 2013ರಲ್ಲಿ ಹೆಚ್ಚುವರಿ ವರದಿ. ಇದು ತೆಗೆದುಕೊಂಡದ್ದು 1961–62ರಿಂದ 2007–08ರವರೆಗಿನ 47 ವರ್ಷ. ಈ ಲೆಕ್ಕದಲ್ಲಿ ಸರಾಸರಿ 2578 ಟಿಎಂಸಿ, ಶೇ. 65ರ ಭರವಸೆಯಲ್ಲಿ 2293, ಶೇ. 75ರಲ್ಲಿ 2173. ಅದೇ ಕೃಷ್ಣೆ. ವರ್ಷಗಳ ಆಯ್ಕೆ ಬೇರೆಯಾಯಿತು, ಭರವಸೆಯ ಮಟ್ಟ ಇಳಿಯಿತು, ಹಂಚಲು ನೀರು ಹೆಚ್ಚಾಯಿತು. ಇದು ಮೋಸವಲ್ಲ, ಆದರೆ ಬಿಟ್ಟಿಯೂ ಅಲ್ಲ. ಶೇ. 65 ಎಂದರೆ ನೂರರಲ್ಲಿ 35 ವರ್ಷ ಕೊರತೆಯನ್ನು ಹಂಚಿಕೊಳ್ಳಲು ಸಿದ್ಧರಿರಬೇಕು ಎಂದು ಅರ್ಥ. ಹೆಚ್ಚುವರಿ ನೀರು ಬಂತೆಂದು ಪಟಾಕಿ ಹೊಡೆಯುವ ಭಾಷಣಗಳಲ್ಲಿ ಆ 35 ವರ್ಷದ ಮಾತು ಬರುವುದೇ ಇಲ್ಲ. ನಾಲೆಯ ಕೊನೆ ಭಾಗದ ರೈತನಿಗೆ ಮಾತ್ರ ಅದು ಯಾರೂ ಹೇಳದೆ ಗೊತ್ತಿರುತ್ತದೆ.

ಚಿಕ್ಕ ದಾಖಲೆ ನಂಬಿ ಕೆಟ್ಟವರು ನಮ್ಮ ದೇಶದವರಷ್ಟೇ ಅಲ್ಲ. ಅಮೆರಿಕದಲ್ಲಿ ಕೊಲೊರಾಡೊ ನದಿಯ ನೀರನ್ನು 1922ರಲ್ಲಿ ರಾಜ್ಯಗಳು ಹಂಚಿಕೊಂಡವು. ಆಗ ಕೈಯಲ್ಲಿದ್ದ ಕೆಲವೇ ವರ್ಷಗಳ ಲೆಕ್ಕ ಮಳೆ ಚೆನ್ನಾಗಿದ್ದ ಕಾಲದ್ದಾಗಿತ್ತು. ಹೊಳೆಯಲ್ಲಿ ಬರುವುದಕ್ಕಿಂತ ಹೆಚ್ಚು ನೀರನ್ನು ಕಾಗದದ ಮೇಲೆ ಹಂಚಿ, ನೂರು ವರ್ಷವಾದರೂ ಅದರ ಗೋಳು ಮುಗಿದಿಲ್ಲ. ಇನ್ನೊಂದು ಕಡೆ ಈಜಿಪ್ಟಿನವರು ನೈಲ್ ನದಿಯ ಏರಿಳಿತವನ್ನು ಕೈರೋದ ಹತ್ತಿರದ ರೋಡಾ ದ್ವೀಪದಲ್ಲಿ ಏಳನೇ ಶತಮಾನದಿಂದ ಬರೆದಿಟ್ಟಿದ್ದರು. ಹರ್ಸ್ಟ್ ಎಂಬ ಇಂಗ್ಲಿಷ್ ಜಲತಜ್ಞ ಆ ಲೆಕ್ಕವನ್ನು ಜಾಲಾಡಿ, ಬರದ ವರ್ಷಗಳು ಒಂಟಿಯಾಗಿ ಬರುವುದಕ್ಕಿಂತ ಗುಂಪುಗುಂಪಾಗಿ ಬರುವುದು ಹೆಚ್ಚು ಎಂದು 1951ರಲ್ಲಿ ತೋರಿಸಿದ. ಹಳ್ಳಿಯಲ್ಲಿ “ಬರ ಬಂದರೆ ಒಂದೇ ವರ್ಷಕ್ಕೆ ಹೋಗಲ್ಲ” ಎನ್ನುತ್ತಾರಲ್ಲ, ಅದಕ್ಕೆ ಆತ ಗಣಿತದ ಸಾಕ್ಷಿ ಕೊಟ್ಟ.

ಈಗ ನಮ್ಮ ಭದ್ರೆಗೆ ಬರುತ್ತೇನೆ. ಲಕ್ಕವಳ್ಳಿಯಲ್ಲಿ ಅಣೆಕಟ್ಟೆಯ ಕೆಲಸ 1947ರಲ್ಲಿ ಶುರುವಾಗಿ 1965ರಲ್ಲಿ ಮುಗಿಯಿತು. ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ 71.535 ಟಿಎಂಸಿ. ಮುಳುಗಿದ ಊರಿನವರ ಕಥೆಯನ್ನು ಬೇರೆಯೇ ಬರೆಯಬೇಕು. ಅದು ಈ ಲೇಖನಕ್ಕೆ ಹಿಡಿಸುವಂಥದ್ದಲ್ಲ. ದಿನಾ ಪತ್ರಿಕೆಯಲ್ಲಿ ಟಿಎಂಸಿ, ಕ್ಯುಸೆಕ್ ಎಂದು ಓದುತ್ತೇವೆ, ಬಹಳ ಜನಕ್ಕೆ ಅವುಗಳ ಸಂಬಂಧ ಗೊತ್ತಿಲ್ಲ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯುಸೆಕ್. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. 50,000 ಕ್ಯುಸೆಕ್ ಒಳಹರಿವು ಬಿಡದೆ ಬಂದರೆ ಖಾಲಿ ಭದ್ರಾ ಜಲಾಶಯ ತುಂಬಲು ಹದಿನಾರೂವರೆ ದಿನ ಬೇಕು. ಮಕ್ಕಳು ಭಾಗಿಸಿ ನೋಡಲಿ.

ಇನ್ನೊಂದು ಗುಟ್ಟು. “ಇಂದಿನ ಒಳಹರಿವು ಇಷ್ಟು” ಎಂದು ಬರುವ ಅಂಕಿಯನ್ನು ಹೊಳೆಯ ಬಾಯಲ್ಲಿ ಯಾರೋ ಕೂತು ಅಳೆದಿರುತ್ತಾರೆ ಎಂದು ತಿಳಿಯಬೇಡಿ. ಸಾಮಾನ್ಯವಾಗಿ ಅದು ಲೆಕ್ಕದಿಂದ ಬಂದದ್ದು. ನಿನ್ನೆಗಿಂತ ಇಂದು ಜಲಾಶಯದ ಮಟ್ಟ ಎಷ್ಟು ಏರಿತು, ಅದಕ್ಕೆ ಎಷ್ಟು ನೀರು ಹೆಚ್ಚಾಗಿರಬೇಕು, ನಾಲೆಗೆ ಮತ್ತು ನದಿಗೆ ಬಿಟ್ಟದ್ದೆಷ್ಟು, ಬಿಸಿಲಿಗೆ ಆವಿಯಾದದ್ದೆಷ್ಟು, ಎಲ್ಲ ಕೂಡಿಸಿದರೆ ಬಂದದ್ದೆಷ್ಟು ಎಂದು ಸಿಗುತ್ತದೆ. ಅಂಗಡಿಯವನು ರಾತ್ರಿ ಗಲ್ಲಾ ಎಣಿಸಿ ವ್ಯಾಪಾರ ಎಷ್ಟಾಯಿತೆಂದು ತಿಳಿಯುವ ಹಾಗೆ. ತಳದಲ್ಲಿ ಹೂಳು ತುಂಬಿದರೆ ಈ ಲೆಕ್ಕವೇ ತಪ್ಪುತ್ತದೆ, ಯಾಕೆಂದರೆ ಅದೇ ಮಟ್ಟಕ್ಕೆ ಈಗ ಕಡಿಮೆ ನೀರು. ಹೊಸಪೇಟೆಯ ಜಲಾಶಯ 133 ಟಿಎಂಸಿಯಷ್ಟು ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತದ್ದಕ್ಕೆ ಕಾಡಿನವರಷ್ಟೇ ಅಲ್ಲ, ನಾಲೆಯವರೂ ಸಮಾಧಾನಪಡಬೇಕು.

ಅಣೆಕಟ್ಟೆ ಆದ ಮೇಲೆ ಭದ್ರೆ ಲೆಕ್ಕದ ದೃಷ್ಟಿಯಿಂದ ಬೇರೆಯೇ ಹೊಳೆಯಾದಳು. ತುಂಗೆಗೆ ಗಾಜನೂರಿನಲ್ಲಿ ಕಟ್ಟೆಯಿದ್ದರೂ ಅದು ಹಿಡಿಯುವುದು ಮೂರೂ ಕಾಲು ಟಿಎಂಸಿಯಷ್ಟು. ಮಳೆಗಾಲದಲ್ಲಿ ಅದು ಒಂದೇ ದಿನದ ತುತ್ತು. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಸುರಿದದ್ದು ನೇರ ಶಿವಮೊಗ್ಗದ ಮಂಟಪಕ್ಕೆ ಬಂದು ಬಡಿಯುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯಲ್ಲಿ, ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಎಲ್ಲರೂ ಕಂಡಿದ್ದೇವೆ. ಭದ್ರಾವತಿಯ ಕಥೆ ಹಾಗಲ್ಲ. ಜೂನ್ ಜುಲೈಯ ನೀರನ್ನೆಲ್ಲ ಲಕ್ಕವಳ್ಳಿ ನುಂಗಿಕೊಳ್ಳುತ್ತದೆ. ಜಲಾಶಯ ತುಂಬಿದ ಮೇಲೆ ಬಂದ ಮಳೆಗೆ ಮಾತ್ರ ಗೇಟು ತೆರೆಯುತ್ತಾರೆ, ಆಗ ಹೊಸ ಸೇತುವೆಯ ಮೇಲೆ ನೀರು ಹತ್ತುತ್ತದೆ, ಕವಲಗುಂದಿಯವರು ಗಂಟುಮೂಟೆ ಕಟ್ಟುತ್ತಾರೆ. ತುಂಗೆಯಲ್ಲಿ ನೆರೆ ಎಂಬುದು ಆಕಾಶದ ಮಾತು. ಭದ್ರೆಯಲ್ಲಿ ಅದು ಆಕಾಶ ಮತ್ತು ಗೇಟು ಇಬ್ಬರ ಮಾತು. ಅದಕ್ಕಾಗಿಯೇ ಭದ್ರೆಯ 1965ಕ್ಕೆ ಮುಂಚಿನ ಲೆಕ್ಕವನ್ನೂ ಆಮೇಲಿನ ಲೆಕ್ಕವನ್ನೂ ಹಾಗೇ ಒಂದೇ ಪಟ್ಟಿಯಲ್ಲಿ ಜೋಡಿಸಬಾರದು. ತಡೆದ ನೀರು, ನಾಲೆಗೆ ಹೋದ ನೀರು ಎಲ್ಲವನ್ನೂ ವಾಪಸು ಸೇರಿಸಿ, ಕಟ್ಟೆ ಇಲ್ಲದಿದ್ದರೆ ಹೊಳೆ ಹೇಗಿರುತ್ತಿತ್ತು ಎಂದು ಮೊದಲು ಕಂಡುಕೊಳ್ಳಬೇಕು.

ನಮ್ಮ ಮನೆಯವರು ಸಿಕ್ಕಿಬಿದ್ದದ್ದು ಇಲ್ಲೇ. ಹೊಳೆದಂಡೆಯ ತಗ್ಗಿನಲ್ಲಿ ನಮಗೊಂದು ಜಾಗವಿತ್ತು. ಹಿರಿಯರು ಅದನ್ನು ನೆರೆಗದ್ದೆ ಎಂದೇ ಕರೆಯುತ್ತಿದ್ದರು, ಅಲ್ಲಿ ಯಾರೂ ಗುಡಿಸಲು ಸಹ ಹಾಕಿರಲಿಲ್ಲ. ಡ್ಯಾಂ ಆಯಿತು, ಇನ್ನೆಲ್ಲಿಯ ನೆರೆ ಎಂದು ನನ್ನ ತಂದೆ ಅಲ್ಲೇ ಹೆಂಚಿನ ಮನೆ ಕಟ್ಟಿಸಿದರು. ಹನ್ನೆರಡು ವರ್ಷ ಹೊಳೆ ಹಿತ್ತಲಿಗೂ ಬರಲಿಲ್ಲ. ನೆರೆಗದ್ದೆ ಎಂಬ ಹೆಸರೂ ಹೋಗಿ ಹೊಸಮನೆ ಹಿತ್ತಲು ಎಂದಾಯಿತು. ಆಮೇಲೆ ಒಂದು ಶ್ರಾವಣದ ರಾತ್ರಿ ಬಂತು. ನಾವು ಜನ ಉಳಿದೆವು. ಭತ್ತದ ಪಣತ, ಕಟ್ಟಿದ್ದ ಒಂದು ಕರು, ಅವ್ವನ ಟ್ರಂಕು ಹೋದವು. ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಕೂತಿದ್ದಾಗ ತಂದೆ ಹೇಳಿದ್ದು ಒಂದೇ ಮಾತು: “ಹನ್ನೆರಡು ವರ್ಷ ನೋಡಿದೆನಲ್ಲೋ.”

ಬಹಳ ವರ್ಷದ ನಂತರ ಒಂದು ತರಬೇತಿಯಲ್ಲಿ ಕೂತು ನಾನು ಆ ಮಾತಿಗೆ ಲೆಕ್ಕ ಹಾಕಿದೆ. ಐವತ್ತು ವರ್ಷಕ್ಕೊಮ್ಮೆ ಬರುವ ನೆರೆ ಎಂದು ಹೇಳುತ್ತೇವೆ. ಒಮ್ಮೆ ಬಂದರೆ ಇನ್ನು ಐವತ್ತು ವರ್ಷ ಬರುವುದಿಲ್ಲ ಎಂದು ಅದರ ಅರ್ಥವಲ್ಲ. ಯಾವ ವರ್ಷವಾದರೂ ಸರಿ, ಅದು ಬರುವ ಸಾಧ್ಯತೆ ನೂರಕ್ಕೆ ಎರಡು ಎಂದಷ್ಟೇ ಅರ್ಥ. ಬಾರದಿರುವ ಸಾಧ್ಯತೆ 0.98. ಹನ್ನೆರಡು ವರ್ಷ ಬಾರದೆ ಇರಬೇಕಾದರೆ 0.98ನ್ನು ಹನ್ನೆರಡು ಸಲ ಗುಣಿಸಬೇಕು, ಸುಮಾರು 0.78 ಬರುತ್ತದೆ. ಅಂದರೆ ಜಾಗ ಅಪಾಯದ್ದೇ ಆಗಿದ್ದರೂ, ಹತ್ತರಲ್ಲಿ ಏಳೆಂಟು ಪಾಲು, ತಂದೆ ಕಂಡಷ್ಟೇ ನೆಮ್ಮದಿಯ ಹನ್ನೆರಡು ವರ್ಷ ಕಾಣುತ್ತಿದ್ದರು. ಆ ನೆಮ್ಮದಿ ಜಾಗದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಈಗ ಶಾಲೆಗೆ ಐವತ್ತು ತುಂಬಿತಲ್ಲ, ಅದಕ್ಕೂ ಗುಣಿಸಿ ನೋಡಿ. ಐವತ್ತು ವರ್ಷದ ನೆರೆ ಈ ಐವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 64ರಷ್ಟು, ನೂರು ವರ್ಷದ ನೆರೆಗೂ ಶೇ. 39ರಷ್ಟು. ಹಳೆಯ ಹೆಸರುಗಳನ್ನು ಅಳಿಸುವ ಮುಂಚೆ ಸ್ವಲ್ಪ ಯೋಚಿಸಬೇಕು ಎಂದು ನನಗೆ ಅನಿಸುವುದು ಇದರಿಂದ. ನೆರೆಗದ್ದೆ ಎಂಬುದು ಯಾರೋ ಪುಣ್ಯಾತ್ಮರು ಬರೆದಿಟ್ಟ ದಾಖಲೆಯೇ ಆಗಿತ್ತು.

ಅಳೆಯುವವರ ಕೆಲಸದ ಬಗ್ಗೆಯೂ ನಾಲ್ಕು ಮಾತು ಬರೆಯದಿದ್ದರೆ ತಪ್ಪಾಗುತ್ತದೆ. ಕೇಂದ್ರ ಜಲ ಆಯೋಗಕ್ಕೆ ತುಂಗೆಯ ಮೇಲೆ ಶಿವಮೊಗ್ಗದಲ್ಲಿ, ಭದ್ರೆಯ ಮೇಲೆ ಹೊಳೆಹೊನ್ನೂರಿನಲ್ಲಿ, ಎರಡೂ ಸೇರಿದ ಮೇಲೆ ಹೊನ್ನಾಳಿಯಲ್ಲಿ ಮಾಪನ ಕೇಂದ್ರಗಳಿವೆ. ಬೆಳಿಗ್ಗೆ ಎಂಟಕ್ಕೆ ಮಟ್ಟ ನೋಡುವುದು ನಿಯಮ. ನಮ್ಮ ಮೇಷ್ಟ್ರಿಗೆ ಆ ಎಂಟು ಗಂಟೆ ಎಲ್ಲಿಂದ ಸಿಕ್ಕಿತ್ತೋ! ಮಟ್ಟ ನೋಡಿದರೆ ಸಾಲದು, ಹರಿವು ಬೇಕು. ಹೊಳೆಯ ಅಗಲವನ್ನು ತುಂಡುತುಂಡು ಮಾಡಿಕೊಂಡು, ಪ್ರತಿ ತುಂಡಿನ ಆಳ ಅಳೆದು, ಬಟ್ಟಲುಗಳು ತಿರುಗುವ ಒಂದು ಯಂತ್ರವನ್ನು ನೀರಿಗೆ ಇಳಿಬಿಟ್ಟು ವೇಗ ಹಿಡಿದು, ಎಲ್ಲ ಗುಣಿಸಿ ಕೂಡಬೇಕು. ನೆರೆ ಬಂದ ದಿನ ಈ ಕೆಲಸ ಜೀವದ ಮೇಲಿನ ಆಟ. ಅದಕ್ಕಾಗಿ ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂಬ ಕೋಷ್ಟಕವನ್ನು ಮೊದಲೇ ಮಾಡಿಟ್ಟುಕೊಳ್ಳುತ್ತಾರೆ. ಹೊಳೆಯ ಪಾತ್ರದ ಮರಳು ಬಗೆದರೆ ತಳ ಕುಸಿಯುತ್ತದೆ, ಕೋಷ್ಟಕ ಸುಳ್ಳು ಹೇಳಲು ಶುರುಮಾಡುತ್ತದೆ. ರಾತ್ರಿ ಟ್ರ್ಯಾಕ್ಟರಿನಲ್ಲಿ ಮರಳು ಹೊಡೆಯುವವರು ಕದಿಯುವುದು ಬರೀ ಮರಳನ್ನಲ್ಲ.

ಶಾಲೆಯ ಮಕ್ಕಳು ಇದನ್ನು ನಾಲೆಯ ಮೇಲೆ ಮಾಡಿ ನೋಡಬಹುದು. ನೇರವಾದ ಹತ್ತು ಮೀಟರ್ ಗುರುತು ಹಾಕಿ, ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು, ಎಷ್ಟು ಸೆಕೆಂಡಿಗೆ ದಾಟಿತು ನೋಡಿ. ಮೇಲ್ಮೈ ನೀರು ಒಳಗಿನದಕ್ಕಿಂತ ಜೋರಾಗಿ ಓಡುವುದರಿಂದ ಆ ವೇಗದ ನೂರರಲ್ಲಿ 85 ಪಾಲು ಹಿಡಿದು, ನಾಲೆಯ ಅಗಲ, ಆಳದಿಂದ ಗುಣಿಸಿದರೆ ಹರಿವು ಸಿಕ್ಕಿತು. ದೊಡ್ಡವರು ಜೊತೆಗಿಲ್ಲದೆ ನಾಲೆಗೆ ಹೋಗಬಾರದು, ಹಣ್ಣಿಗಾಗಿ ನೀರಿಗಿಳಿಯಲೂಬಾರದು. ಇದು ಅಜ್ಜನ ಆಜ್ಞೆ.

ಈ ಲೆಕ್ಕಗಳೆಲ್ಲ ಈಗ ಯಾಕೆ ಬೇಕು ಎನ್ನುವವರು 2023ನ್ನು ನೆನಪಿಸಿಕೊಳ್ಳಲಿ. ಮಳೆ ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ, ನಾಲೆಗೆ ಎಷ್ಟು ದಿನ ನೀರು ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂದು ಮೇಲಿನವರಿಗೂ ದಾವಣಗೆರೆ ಕಡೆಯ ಕೆಳಗಿನವರಿಗೂ ಜಗಳ ಹತ್ತಿತು. ತೋಟದವರಿಗೆ ಬೇಸಿಗೆಗೆ ನೀರು ಉಳಿಯಬೇಕು, ಭತ್ತದವರಿಗೆ ಈಗಲೇ ಬೇಕು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸಭೆಯ ಮೇಜಿನ ಮೇಲೆ ಇರಬೇಕಾದದ್ದು, ಸೆಪ್ಟೆಂಬರಿನಲ್ಲಿ ಇಷ್ಟೇ ನೀರಿದ್ದ ಹಿಂದಿನ ವರ್ಷಗಳಲ್ಲಿ ಆಮೇಲೆ ಎಷ್ಟು ಬಂತು ಎಂಬ ಪಟ್ಟಿ. ಅದಿದ್ದರೆ ಜಗಳ ನಿಲ್ಲುತ್ತದೆಂದಲ್ಲ, ಕನಿಷ್ಠ ಒಂದೇ ವಿಷಯದ ಮೇಲೆ ಜಗಳವಾಡಬಹುದು. ಮುಂದೆ ಇನ್ನೂ ಬಿಗಿಯಾಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ ಹಾಕಿ, ಭದ್ರೆಯಿಂದ 29.90 ಟಿಎಂಸಿ ಚಿತ್ರದುರ್ಗ, ತುಮಕೂರು ಕಡೆಗೆ ಒಯ್ಯುವುದು ಎಂದಿದೆ. ಆ ಸೀಮೆಯ ಬಾಯಾರಿಕೆಯನ್ನು ನೋಡಿದವರು ಯಾರೂ ಬೇಡ ಎನ್ನಲಾರರು. ನಾನೂ ಎನ್ನುವುದಿಲ್ಲ. ಒಳ್ಳೆಯ ವರ್ಷ ಎಷ್ಟು, ಕೆಟ್ಟ ವರ್ಷ ಎಷ್ಟು, ಕೆಟ್ಟ ವರ್ಷದಲ್ಲಿ ಯಾರಿಗೆ ಎಷ್ಟು ಕಡಿತ ಎಂಬುದನ್ನು ಮಾತ್ರ ತುಂಬಿದ ವರ್ಷದಲ್ಲೇ ಬರೆದು ಸಹಿ ಹಾಕಿಕೊಳ್ಳಬೇಕು. ಬಾಗಿನ ಬಿಡುವ ದಿನ ಎಲ್ಲರ ಮನಸ್ಸೂ ಸ್ವಲ್ಪ ದೊಡ್ಡದಾಗಿರುತ್ತದೆ.

ನಮ್ಮ ಮೇಷ್ಟ್ರ ನೋಟ್‌ಪುಸ್ತಕ ಈ ಸಂಚಿಕೆಯ ನೆಪದಲ್ಲಿ ಸಿಕ್ಕಿತು. ಶಾಲೆಯ ಹಳೆಯ ಬೀರು ಖಾಲಿ ಮಾಡುವಾಗ, ಗೆದ್ದಲು ಅರ್ಧ ತಿಂದ ಸ್ಥಿತಿಯಲ್ಲಿ. ಒಂದು ಮಳೆಗಾಲದ ಪುಟಗಳು ಓದುವ ಹಾಗಿವೆ. ಕೆಲವು ದಿನ ಮೆಟ್ಟಿಲಿನ ಸಂಖ್ಯೆ ಬದಲು ನಮ್ಮ ಕಳ್ಳತನವೂ ಕಾಣುತ್ತದೆ: ಮೂರು ದಿನ ಒಂದೇ ಅಂಕಿ, ಒಂದೇ ಮಸಿ, ಒಂದೇ ಕೂತಲ್ಲಿ ಬರೆದದ್ದು. ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಮೇಷ್ಟ್ರ ಪ್ರಶ್ನೆ ಚಿಹ್ನೆ.

ನೆರೆ ಬಂದ ಆ ರಾತ್ರಿಯ ಮರುದಿನ ಅದೇ ಮೇಷ್ಟ್ರು ಶಾಲೆಯ ಹಿಂಗೋಡೆಯ ಮೇಲೆ ನೀರು ಮುಟ್ಟಿದ ಎತ್ತರಕ್ಕೆ ಉಳಿಯಲ್ಲಿ ಒಂದು ಗೀಟು ಕೊರೆಸಿದ್ದರು. ಸುಣ್ಣದ ಮೇಲೆ ಸುಣ್ಣ ಬಿದ್ದು ಅದು ಮುಚ್ಚಿಹೋಗಿತ್ತು. ಹೋದ ವಾರ ಮಹೋತ್ಸವಕ್ಕೆಂದು ಬಣ್ಣ ಬಳಿಯಲು ಗೋಡೆ ಕೆರೆದಾಗ ಮತ್ತೆ ಕಂಡಿತು. ನನ್ನ ಎದೆಯ ಮಟ್ಟಕ್ಕಿದೆ. ಅಲ್ಲೊಂದು ಗೇಣು ಜಾಗ ಬಣ್ಣ ಹಾಕದೆ ಬಿಡಪ್ಪಾ ಎಂದು ಬಣ್ಣದ ಹುಡುಗನಿಗೆ ಹೇಳಿದ್ದೇನೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಎಂಟನೇ ತರಗತಿಯ ಇಬ್ಬರು ಹುಡುಗಿಯರು ಈ ಜೂನ್‌ನಿಂದ ಬೆಳಿಗ್ಗೆ ಎಂಟಕ್ಕೆ ಸೋಪಾನ ಎಣಿಸುತ್ತೇವೆ ಎಂದು ಹೊಸ ನೋಟ್‌ಪುಸ್ತಕ ಕೇಳಿದ್ದಾರೆ. ಇನ್ನೂರು ಪುಟದ್ದನ್ನೇ ತಂದುಕೊಟ್ಟಿದ್ದೇನೆ.